ಪ್ರಾಜೆಕ್ಟಿಗೆ ಬೇರೆ ಬೇರೆ ಬಗೆಯ ಮಾಹಿತಿ ತಾ ಅಂದಿದ್ದಾರೆ, ಎಲ್ಲಿ ಹುಡುಕಲಿ?

ಸೊರಬದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಸಾಗರದಲ್ಲಿ ಬಿಎ ಕೊನೆಯ ವರ್ಷ ಓದುತ್ತಿದ್ದೇನೆ. ಊರು ಸೊರಬ ತಾಲ್ಲೂಕು. ಸಮಾಜಶಾಸ್ತ್ರಕ್ಕೆ ಒಂದು ಪ್ರಾಜೆಕ್ಟ್ ಬರೆಯಬೇಕು. "ಮಂಗನ ಕಾಯಿಲೆ ಮತ್ತು ಮಲೆನಾಡಿನ ಜನಜೀವನ" ಅಂತ ವಿಷಯ ಆರಿಸಿಕೊಂಡೆ. ನಮ್ಮ ಅಜ್ಜಿ ಆ ಕಾಲ ಕಂಡವರು, ನಾನು ಚಿಕ್ಕವಳಿದ್ದಾಗಿನಿಂದ ಅದರ ಮಾತು ಕೇಳಿಕೊಂಡು ಬೆಳೆದಿದ್ದೇನೆ.

ಹದಿನೆಂಟು ಪುಟ ಬರೆದು ಕೊಟ್ಟೆ. ಸರ್ ಓದಿ ವಾಪಸ್ ಕೊಟ್ಟರು. "ಐದು ಕಡೆಯಿಂದ ತಂದಿದ್ದೀಯ, ಆದರೆ ಐದೂ ಒಂದೇ ಜಾತಿ. ಬೇರೆ ಬೇರೆ ಬಗೆಯ ಮಾಹಿತಿ ತಾ" ಅಂದರು. ಮನೆಗೆ ಬಂದು ಐದೂ ವೆಬ್‌ಸೈಟ್ ಪಕ್ಕಪಕ್ಕ ಇಟ್ಟು ನೋಡಿದೆ. ಸರ್ ಹೇಳಿದ್ದು ನಿಜ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು, ಉಣುಗು ಅನ್ನುವ ರಕ್ತ ಹೀರುವ ಹುಳ ಕಚ್ಚಿ ಬರುತ್ತದೆ, ಜ್ವರ, ತಲೆನೋವು, ಮೈಕೈ ನೋವು. ಎಲ್ಲದರಲ್ಲೂ ಇದೇ ಸಾಲು, ಇದೇ ಕ್ರಮ.

ಅಂಕಿ ಅಂಶ ಎಲ್ಲಿ ಸಿಗುತ್ತದೆ? ಹಳೆಯ ವರದಿಗಳು ಯಾರ ಹತ್ತಿರ ಇರುತ್ತವೆ? ಅಜ್ಜಿ ಹೇಳಿದ್ದನ್ನು ಮಾಹಿತಿ ಅಂತ ಹಾಕಬಹುದಾ? ನನಗೆ ಇಂಗ್ಲಿಷ್ ಲೇಖನ ಓದುವುದು ನಿಧಾನ. ಇನ್ನು ಐದು ವಾರ ಇದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಕೊಪ್ಪದವನು:

ಮೊದಲು ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ ಮಾರಾಯ್ತಿ. ಹೋದ ವರ್ಷ ನಾನು ಅಡಿಕೆಯ ಎಲೆಚುಕ್ಕಿ ರೋಗದ ಮೇಲೆ ಬರೆದೆ. ಕೊನೆಯ ವಾರ ಟೈಮ್ ಇಲ್ಲ ಅಂತ ಮೊಬೈಲಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಒಂದು ಆ್ಯಪ್‌ಗೆ "ಹತ್ತು ಸಂಶೋಧನಾ ಲೇಖನ ಹೇಳು" ಅಂದೆ. ಲೇಖಕರ ಹೆಸರು, ಪತ್ರಿಕೆಯ ಹೆಸರು, ಪುಟ ಸಂಖ್ಯೆ ಎಲ್ಲ ಸೇರಿಸಿ ಕೊಟ್ಟಿತು. ಹಾಗೇ ಹಾಕಿದೆ. ವೈವಾದಲ್ಲಿ ಹೊರಗಿನಿಂದ ಬಂದ ಮೇಡಂ ಅದರಲ್ಲಿ ಮೂರನ್ನು ನನ್ನ ಎದುರಿಗೇ ಹುಡುಕಿದರು. ಒಂದೂ ಇರಲಿಲ್ಲ. ಅಂಥ ಲೇಖನ ಯಾರೂ ಬರೆದೇ ಇರಲಿಲ್ಲ. ಉಳಿದ ಪುಟಗಳನ್ನು ತೋಟಕ್ಕೆ ಹೋಗಿ, ಹತ್ತಾರು ರೈತರನ್ನು ಕೇಳಿ ಬರೆದಿದ್ದೆ. ಅದನ್ನೂ ಅವರು ನಂಬಲಿಲ್ಲ. ಅದೇ ಇವತ್ತಿಗೂ ಬೇಜಾರು. ಕಣ್ಣಾರೆ ತೆರೆದು ನೋಡದ ಲೇಖನದ ಹೆಸರು ಬರೆಯಬೇಡ.

ಉಳಿದದ್ದನ್ನು ಲೈಬ್ರರಿ ಮೇಡಂ ಹೇಳಲಿ, ನನಗೆ ಆಮೇಲೆ ದಾರಿ ತೋರಿಸಿದ್ದು ಅವರೇ.

ಲೈಬ್ರರಿ ಮೇಡಂ:

ನೋಡಮ್ಮ, ನಾನು ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನಲ್ಲಿ 22 ವರ್ಷದಿಂದ ಗ್ರಂಥಪಾಲಕಿ. ನಿನ್ನ ಹಾಗೆ ವಾಪಸ್ ಬಂದ ಪುಟಗಳನ್ನು ಹಿಡಿದುಕೊಂಡು ನನ್ನ ಟೇಬಲ್ ಮುಂದೆ ನಿಂತ ಮಕ್ಕಳು ತುಂಬಾ ಜನ. ಉದ್ದವಾಗಿ ಬರೆಯುತ್ತೇನೆ, ಕೂತು ಓದು.

ನಿನ್ನ ವಿಷಯ ಬಹಳ ದೊಡ್ಡದು. "ಜನಜೀವನ" ಅಂತ ಹುಡುಕಿದರೆ ಏನು ಸಿಗುತ್ತದೆ ಹೇಳು? ಎಲ್ಲ ಸಿಗುತ್ತದೆ, ಏನೂ ಸಿಗುವುದಿಲ್ಲ. ಈ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಉಣುಗಿನ ಮರಿಗಳು ಆಗಲೇ ತರಗೆಲೆಯಲ್ಲಿ ಇರುತ್ತವೆ. ನಮ್ಮ ಹೆಂಗಸರು ಕಲ್ಲಿ ಬಲೆ ಹೊತ್ತುಕೊಂಡು ಕೊಟ್ಟಿಗೆಗೆ ಹಾಸುವ ದರಕು, ಅಂದರೆ ಒಣಗಿದ ತರಗೆಲೆ, ಗುಡಿಸಲು ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ. ಇವೆರಡೂ ಸೇರುವ ಜಾಗವನ್ನು ಹಿಡಿ. "ಕಾಯಿಲೆ ಬಂದ ವರ್ಷ ನಮ್ಮೂರಲ್ಲಿ ದರಕು ಯಾರು ತಂದರು, ತರದವರು ಕೊಟ್ಟಿಗೆಗೆ ಏನು ಹಾಕಿದರು?" ಇಷ್ಟು ಸಣ್ಣ ಪ್ರಶ್ನೆ ಇಟ್ಟುಕೋ. ಆಗ ಯಾವ ಬಾಗಿಲು ತಟ್ಟಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಬಾಗಿಲು ತಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೋ. ಇದನ್ನು ಬರೆದಿಡುವ ಅಗತ್ಯ ಯಾರಿಗಿತ್ತು? ಯಾವ ಕಾಗದವೂ ಸುಮ್ನೆ ಹುಟ್ಟುವುದಿಲ್ಲ. ಯಾರಿಗೋ ಹೆದರಿಕೆ ಇತ್ತು, ಯಾರೋ ಲೆಕ್ಕ ಒಪ್ಪಿಸಬೇಕಿತ್ತು, ಯಾರೋ ಪರಿಹಾರ ಕೊಡಬೇಕಿತ್ತು, ಅದಕ್ಕೆ ಬರೆದರು. ನಿನ್ನ ಸರ್ "ಬೇರೆ ಬೇರೆ ಬಗೆ" ಅಂದಿದ್ದು ಇದನ್ನೇ ಅಂತ ನನ್ನ ಎಣಿಕೆ. ಬೇರೆ ಬೇರೆ ಅಗತ್ಯಕ್ಕೆ ಬರೆದ ಕಾಗದ ಬೇಕು. ಐದು ವೆಬ್‌ಸೈಟಿನವರಿಗೂ ಇದ್ದದ್ದು ಒಂದೇ ಅಗತ್ಯ.

1957ನ್ನೇ ತೆಗೆದುಕೋ. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಊರಿನ ಜನರಿಗೂ ಜ್ವರ ಬಂತು. ಆಗ ವೈದ್ಯರಿಗೆ ಬಂದ ಮೊದಲ ಭಯ ಏನು ಗೊತ್ತಾ? ಹಳದಿ ಜ್ವರ ಭಾರತಕ್ಕೂ ಬಂತೇನೋ ಅಂತ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದರೆ ಮಂಗಗಳು ಹೀಗೇ ಸಾಯುತ್ತವೆ. ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಶುರು ಮಾಡಿದ್ದು. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಅಲ್ಲಿಯ ವಿಜ್ಞಾನಿಗಳು ನಮ್ಮ ಕಾಡಿಗೆ ಬಂದು, ಇದು ಹಳದಿ ಜ್ವರ ಅಲ್ಲ, ರಷ್ಯಾ ಕಡೆ ಕಾಣುವ ಉಣುಗಿನ ಕಾಯಿಲೆಯ ಬಂಧು, ಹೊಸ ವೈರಸ್ ಅಂತ ಕಂಡುಕೊಂಡರು. ಹಾಗಾಗಿ ಆ ಕಾಲದ ಲೇಖನಗಳಲ್ಲಿ ಮಂಗ ಎಷ್ಟು, ಉಣುಗು ಯಾವ ಜಾತಿ, ರಕ್ತದಲ್ಲಿ ಏನು ಸಿಕ್ಕಿತು ಅಂತ ವಿವರವಾಗಿ ಇದೆ. ದರಕು ಹೊತ್ತ ಹೆಂಗಸಿನ ಮಾತು ಸಿಗುವುದು ಕಡಿಮೆ. ಅದು ಅವರ ಕೆಲಸವಾಗಿರಲಿಲ್ಲ.

ಆದರೂ ಒಂದು ಲೇಖನವನ್ನು ನೀನು ಓದಲೇಬೇಕು. ಬೊಶೆಲ್ ಅಂತ ಕೊಲಂಬಿಯಾದ ವಿಜ್ಞಾನಿ, ಅವರ ದೇಶದ ಕಾಡಿನ ಹಳದಿ ಜ್ವರದ ಮೇಲೆ ಕೆಲಸ ಮಾಡಿದವರು. 1969ರಲ್ಲಿ ಅಮೆರಿಕದ ಉಷ್ಣವಲಯ ವೈದ್ಯಕೀಯ ಪತ್ರಿಕೆಯಲ್ಲಿ ಈ ಕಾಯಿಲೆಯ ಬಗ್ಗೆ ಬರೆದರು. ಕಾಡು ಕಡಿದು ಗದ್ದೆ ಮಾಡಿದ್ದು, ದನ ಮೇಯಲು ಕಾಡಿನ ಅಂಚಿಗೆ ಹೋಗಿದ್ದು, ಉಣುಗು ಜನರ ಹತ್ತಿರ ಬಂದಿದ್ದು, ಇವುಗಳನ್ನು ಜೋಡಿಸಿ ನೋಡಿದ ಲೇಖನ ಅದು. ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರಿನಲ್ಲಿ ಅದರ ಹೆಸರಿನ ಕೆಳಗೆ "ಸೈಟೆಡ್ ಬೈ" ಅಂತ ಒಂದು ಸಂಖ್ಯೆ ಇರುತ್ತದೆ. ಅದನ್ನು ಒತ್ತಿದರೆ ಆಮೇಲೆ ಇದನ್ನು ಓದಿ ಬರೆದವರೆಲ್ಲ ಸಾಲಾಗಿ ಬರುತ್ತಾರೆ. ಒಪ್ಪಿದವರೂ ಇರುತ್ತಾರೆ, ಒಪ್ಪದವರೂ ಇರುತ್ತಾರೆ. ಹೊಸ ಲೇಖನಗಳಲ್ಲಿ ಎಷ್ಟೋ ಪಬ್‌ಮೆಡ್ ಸೆಂಟ್ರಲ್ ಅನ್ನುವ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್ ನಿಧಾನ ಅಂತ ಹೆದರಬೇಡ. ಮೊದಲು ಸಾರಾಂಶ ಓದು, ಆಮೇಲೆ ಕೊನೆಯ ಚರ್ಚೆಯ ಭಾಗ. ನಡುವಿನ ಲ್ಯಾಬಿನ ವಿವರ ಸಮಾಜಶಾಸ್ತ್ರಕ್ಕೆ ಬೇಕಾಗುವುದು ಕಡಿಮೆ.

ಹುಡುಕುವಾಗ ಊರಿನ ಹೆಸರಿನ ಬಗ್ಗೆ ಜಾಗ್ರತೆ. ನಮ್ಮ ಜಿಲ್ಲೆಯನ್ನು ಇಂಗ್ಲಿಷಿನಲ್ಲಿ ಶಿವಮೊಗ್ಗ ಅಂತ ಬರೆಯಲು ಶುರು ಮಾಡಿದ್ದು 2014ರ ನವೆಂಬರಿನಿಂದ. ಅದಕ್ಕೂ ಹಿಂದಿನದ್ದೆಲ್ಲ ಶಿಮೋಗ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ, ಅದಕ್ಕೆ ಮೊದಲು ಮೈಸೂರು. ಅಂದರೆ ನಿನಗೆ ಬೇಕಾದ ಹಳೆಯ ಲೇಖನ "ಶಿಮೋಗ, ಮೈಸೂರು ಸ್ಟೇಟ್" ಅಂತ ಮಲಗಿರುತ್ತದೆ. ನೀನು "ಶಿವಮೊಗ್ಗ, ಕರ್ನಾಟಕ" ಅಂತ ಕೂಗಿದರೆ ಏಳುವುದಿಲ್ಲ. ಕನ್ನಡದಲ್ಲಿ ಹುಡುಕಿದರೆ ಇನ್ನೊಂದು ಗೊಂದಲ. ಮಂಗನ ಬಾವು ಅಂದರೆ ಕೆನ್ನೆ ಊದುವ ಕಾಯಿಲೆ, ಅದು ಬೇರೆ. ಮಂಕಿಪಾಕ್ಸ್ ಇನ್ನೂ ಬೇರೆ. ಮೂರೂ ಕಲಸಿ ಬಂದ ಸುದ್ದಿಗಳನ್ನೂ ನಾನು ನೋಡಿದ್ದೇನೆ. ಮಂಗನ ಕಾಯಿಲೆಯ ಇಂಗ್ಲಿಷ್ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅದರ ಚುಟುಕು ಕೆಎಫ್‌ಡಿ ಅಂತ ಸೇರಿಸಿ ಹುಡುಕು.

ಈಗ ಅಂಕಿ. ಇದರಲ್ಲೇ ಮಕ್ಕಳು ಜಾಸ್ತಿ ಎಡವುವುದು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಇದೇ ಕಾಯಿಲೆಯ ಬಗ್ಗೆ ಬರೆಯುವಾಗ ಸತ್ತವರ ಸಂಖ್ಯೆ ಅಂತ ಒಂದು ದೊಡ್ಡ ಅಂಕಿ ಹಾಕಿದ್ದ. ಎಲ್ಲಿಂದ ತಂದೆ ಅಂದೆ. ವೆಬ್‌ಸೈಟ್ ತೋರಿಸಿದ. ಅದು ಇನ್ನೊಂದರಿಂದ ತಂದಿತ್ತು, ಅದು ಮತ್ತೊಂದರಿಂದ. ಇಬ್ಬರೂ ಮಧ್ಯಾಹ್ನವೆಲ್ಲ ಕೂತು ಬುಡಕ್ಕೆ ಹೋದೆವು. ಬುಡದಲ್ಲಿ ಆ ಅಂಕಿ ಕಾಯಿಲೆ ಬಿದ್ದವರದ್ದು, ಸತ್ತವರದ್ದಲ್ಲ. ನಕಲು ಮಾಡುವಾಗ ಯಾರೋ ಒಂದು ಪದ ತಪ್ಪಿದರು, ಉಳಿದವರು ಆ ತಪ್ಪನ್ನೇ ನಕಲು ಮಾಡಿದರು. ಅಂಕಿ ಸಿಕ್ಕ ಕೂಡಲೇ ಬರೆಯಬೇಡ, ಅದನ್ನು ಮೊದಲು ಎಣಿಸಿದವರು ಯಾರು ಅಂತ ಹುಡುಕು.

ಎಣಿಸುವವರು ಇದ್ದಾರೆ. ರೋಗ ಎಲ್ಲಿ ಹರಡುತ್ತಿದೆ ಅಂತ ನಿಗಾ ಇಡುವ ಕೇಂದ್ರ ಸರ್ಕಾರದ ಯೋಜನೆ ಐಡಿಎಸ್‌ಪಿ. ಅವರ ವೆಬ್‌ಸೈಟಿನಲ್ಲಿ ವಾರದ ವರದಿಗಳು ಸಿಗುತ್ತವೆ, ಜಿಲ್ಲೆಯ ಹೆಸರು ಸಮೇತ. ಶಿವಮೊಗ್ಗದಲ್ಲಿ ಈ ಕಾಯಿಲೆಯ ರಕ್ತಪರೀಕ್ಷೆಗೆ ಅಂತಲೇ ಲ್ಯಾಬ್ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ ಇದೆ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಗೆ ಶುರುವಾಗಿ 2019ರಲ್ಲಿ ಜೋರಾದಾಗ ಪತ್ರಿಕೆಗಳು ಮೇಲಿಂದ ಮೇಲೆ ಬರೆದವು. ಆ ಸುದ್ದಿ ಓದುವಾಗ "ಶಂಕಿತ" ಅಂತ ಇದೆಯಾ, "ದೃಢಪಟ್ಟ" ಅಂತ ಇದೆಯಾ ನೋಡು. ಜ್ವರ ಬಂದವರೆಲ್ಲ ಶಂಕಿತರು, ಲ್ಯಾಬ್ ಹೌದು ಅಂದವರು ಮಾತ್ರ ದೃಢಪಟ್ಟವರು. ಎರಡು ಪತ್ರಿಕೆಯ ಅಂಕಿ ಬೇರೆ ಬೇರೆ ಇದ್ದರೆ ಎಷ್ಟೋ ಸಲ ಯಾರೂ ಸುಳ್ಳು ಹೇಳಿರುವುದಿಲ್ಲ, ಇಬ್ಬರೂ ಎಣಿಸಿದ್ದು ಬೇರೆ.

ಕಾಡಿನ ಅಂಕಿಗೂ ಇದೇ ಮಾತು. ಭಾರತೀಯ ಅರಣ್ಯ ಸಮೀಕ್ಷೆಯವರ ವರದಿ ಎರಡು ವರ್ಷಕ್ಕೊಮ್ಮೆ ಅಂತ 1987ರಿಂದ ಬರುತ್ತಿದೆ, ಜಿಲ್ಲಾವಾರು ಪಟ್ಟಿ ಇರುತ್ತದೆ. ಅದನ್ನು ನೋಡಿ "ನಮ್ಮಲ್ಲಿ ಕಾಡು ಕಡಿಮೆಯಾಗಿಲ್ಲ" ಅಂತ ಬರೆದುಬಿಡಬೇಡ. ಅವರ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗದಲ್ಲಿ ಶೇಕಡಾ 10ಕ್ಕಿಂತ ಜಾಸ್ತಿ ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದ್ದು, ಮರ ಯಾವುದು ಅಂತ ಕೇಳುವುದಿಲ್ಲ. ತೋಟ, ಅಕೇಶಿಯಾ, ರಬ್ಬರ್ ಎಲ್ಲ ಅದರೊಳಗೆ ಬರಬಹುದು. ನಮ್ಮ ಹೆಂಗಸರಿಗೆ ಸೊಪ್ಪು, ದರಕು ತರುವ ಸೊಪ್ಪಿನ ಬೆಟ್ಟವೂ ಅಕೇಶಿಯಾ ನೆಡುತೋಪೂ ಒಂದೇ ಅಲ್ಲ ಅಲ್ವಾ? ಉಪಗ್ರಹಕ್ಕೆ ಮಾತ್ರ ಎರಡೂ ಹಸಿರು. ಇದೊಂದನ್ನು ಗಮನಿಸಿ ಬರೆದರೆ ನಿನ್ನ ಸರ್‌ಗೆ ಖುಷಿಯಾಗುತ್ತದೆ. ದನದ ಲೆಕ್ಕ ಬೇಕಿದ್ದರೆ ಜಾನುವಾರು ಗಣತಿ ಇದೆ, 20ನೆಯದು 2019ರದ್ದು.

ಬೇರೆಯವರು ಮಾಡಿದ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಇವೆ, ಕುವೆಂಪು ವಿಶ್ವವಿದ್ಯಾಲಯದ್ದೂ ಇವೆ. ದೊಡ್ಡ ಪ್ರಬಂಧ ಸಿಕ್ಕಿದರೆ ಮೊದಲ ಪುಟದಿಂದ ಶುರು ಮಾಡಬೇಡ. ಕೊನೆಗೆ ಹೋಗಿ ಅವರು ಓದಿದ ಪುಸ್ತಕಗಳ ಪಟ್ಟಿ ನೋಡು. ಯಾರೋ ನಾಲ್ಕೈದು ವರ್ಷ ಅಲೆದು ಹುಡುಕಿದ್ದು ನಿನಗೆ ಅರ್ಧ ಗಂಟೆಯಲ್ಲಿ ಸಿಗುತ್ತದೆ. ನಿಮ್ಮ ಕಾಲೇಜಿನ ಪತ್ರ ತೆಗೆದುಕೊಂಡು ಆ ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೇ ಹೋಗಿ ಲೈಬ್ರರಿಯಲ್ಲಿ ಕೂರುವುದು ಇನ್ನೂ ಒಳ್ಳೆಯದು. ಹಣ ಕೇಳುವ ಲೇಖನ ಇದ್ದರೆ ಬರೆದವರಿಗೇ ಇಮೇಲ್ ಮಾಡಿ ಕೇಳು. ತುಂಬಾ ಜನ ಕಳಿಸುತ್ತಾರೆ, ಸಂತೋಷದಿಂದಲೇ ಕಳಿಸುತ್ತಾರೆ.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕೊಟ್ಟು ಅರ್ಜಿ ಹಾಕಬಹುದು, ಆದರೆ ಉತ್ತರಕ್ಕೆ 30 ದಿನ ಇದೆ. ನಿನ್ನ ಹತ್ತಿರ ಇರುವುದು ಐದು ವಾರ. ಹಾಗಾಗಿ ಮೊದಲು ಪತ್ರ ಹಿಡಿದು ಕಚೇರಿಗೆ ಹೋಗಿ ಬಾಯಲ್ಲಿ ಕೇಳು.

ಅಜ್ಜಿಯ ಮಾತು ಹಾಕಬಹುದಾ ಅಂದೆ. ನಿನ್ನ ಪ್ರಾಜೆಕ್ಟಿನಲ್ಲಿ ಬೇರೆ ಎಲ್ಲೂ ಸಿಗದೇ ಇರುವುದು ಅದೊಂದೇ. ಆದರೆ ಎಂದಿನ ಹಾಗೆ ಕಥೆ ಕೇಳಿದರೆ ಆಗುವುದಿಲ್ಲ. ತಾರೀಕು ಬರೆದುಕೊಂಡು, ಅವರ ಒಪ್ಪಿಗೆ ಕೇಳಿ, ರೆಕಾರ್ಡ್ ಮಾಡಿ, ಅವರು ಆಡಿದ ಮಾತಿನಲ್ಲೇ ಬರೆದುಕೋ. "ಯಾವ ಇಸವಿ ಅಜ್ಜಿ" ಅಂತ ಕೇಳಬೇಡ. ಅವರಿಗೆ ಇಸವಿಯ ಲೆಕ್ಕ ಇಲ್ಲ. ಯಾರ ಮದುವೆ ಆಗಿತ್ತು, ಯಾರು ಹುಟ್ಟಿದ್ದರು, ಲಿಂಗನಮಕ್ಕಿಯಲ್ಲಿ ನೀರು ನಿಲ್ಲಿಸುವುದಕ್ಕೆ ಮೊದಲಾ ಆಮೇಲಾ ಅಂತ ಕೇಳು. ಅಣೆಕಟ್ಟೆ ಮುಗಿದದ್ದು 1964ರಲ್ಲಿ. ನಮ್ಮ ಕಡೆಯ ಹಿರಿಯರಿಗೆ ಅದು ಮೈಲಿಗಲ್ಲು.

ಆಶಾ ಅಕ್ಕ, ಸಾಗರ ತಾಲ್ಲೂಕು:

ಮೇಡಂ ಬರೆದಿದ್ದು ಓದಿದೆ. ನಾನು ಆಶಾ ಕಾರ್ಯಕರ್ತೆ, ಆ ಜ್ವರದ ಕಾಲದಲ್ಲಿ ಮನೆ ಮನೆ ತಿರುಗಿದವಳು. ತಂಗಿ, ನಿನಗೆ ಎರಡು ಮಾತು.

ಮನೆಗೆ ಹೋಗಿ "ನಿಮಗೆ ಕಾಯಿಲೆ ಬಂದಿತ್ತಾ" ಅಂತ ಕೇಳಬೇಡ. ಬಾಗಿಲು ಮುಚ್ಚುತ್ತಾರೆ. ಸತ್ತವರ ಮನೆಯಾಗಿದ್ದರೆ ಇನ್ನೂ ಕಷ್ಟ. ಮೇಡಂ ಹೇಳಿದರಲ್ಲ, ದರಕು ಯಾರು ತಂದರು ಅಂತ, ಅದನ್ನೇ ಕೇಳು. ಕೆಲಸದ ಮಾತು ಕೇಳಿದರೆ ಕಾಯಿಲೆಯ ಮಾತು ತಾನಾಗಿ ಬರುತ್ತದೆ. ಈಗ ಅಡಿಕೆ ಸುಲಿಯುವ ಕಾಲ. ರಾತ್ರಿ ಹತ್ತು ಜನ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. ನೀನೂ ಒಂದು ಬುಟ್ಟಿ ಎಳೆದುಕೊಂಡು ಕೂರು. ಹಗಲು ಅವರಿಗೆ ನಿನ್ನ ಜೊತೆ ಮಾತಾಡಲು ಪುರುಸೊತ್ತು ಇಲ್ಲ.

ನಮಗೆ ಉಣುಗು ಹತ್ತಬಾರದು ಅಂತ ಮೈಗೆ ಹಚ್ಚುವ ಎಣ್ಣೆ ಹಂಚಲು ಕೊಡುತ್ತಿದ್ದರು. ಮೊದಲು ಡಿಎಂಪಿ, ಆಮೇಲೆ ಡೆಪಾ. ಹಂಚಿದ ಬಾಟಲಿ ಎಷ್ಟು ಅಂತ ಕಾಗದದಲ್ಲಿ ಸಿಗುತ್ತದೆ. ಹಚ್ಚಿಕೊಂಡವರು ಎಷ್ಟು ಅಂತ ಸಿಗುವುದಿಲ್ಲ. ನಮ್ಮ ಕಡೆ ಎಷ್ಟೋ ಹೆಂಗಸರು ಬಿಸಿಲಲ್ಲಿ ಬೆವರಿದರೆ ಉರಿಯುತ್ತದೆ ಅಂತ ಹಚ್ಚುತ್ತಿರಲಿಲ್ಲ, ಬಾಟಲಿ ಮಾಡಿನ ಸಂದಿಯಲ್ಲೇ ಇರುತ್ತಿತ್ತು. ಹಳೆಯ ಲಸಿಕೆಯೂ ಹಾಗೇ. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರ್. ಮೊದಲ ಸಲ ತೋಳು ನೋವಾದವರು ಎರಡನೆಯದಕ್ಕೆ ಬರಲಿಲ್ಲ. ಇಂಥದ್ದನ್ನು ಕೇಳಿ ಬರಿ. ಇದು ಬರೆದರೆ ಮುಂದೆ ಎಣ್ಣೆ ಮಾಡುವವರಿಗೂ ಉಪಯೋಗ.

ಮಂಗ ಸತ್ತರೆ ಯಾರಿಗೆ ತಿಳಿಸುತ್ತಾರೆ ಅಂತ ನೋಡು. ಅರಣ್ಯ ಇಲಾಖೆ, ಪಶುಪಾಲನಾ ಇಲಾಖೆ, ಆರೋಗ್ಯ ಇಲಾಖೆ ಮೂವರಿಗೂ ಅದರಲ್ಲಿ ಕೆಲಸ ಇದೆ. ಸತ್ತ ಜಾಗದ ಸುತ್ತ ಮೆಲಾಥಿಯಾನ್ ಅನ್ನುವ ಕೀಟನಾಶಕದ ಪುಡಿ ಹಾಕಬೇಕು. ಹಾಗಾಗಿ ಜಾಗ, ತಾರೀಕು ಬರೆದಿರುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ವೈದ್ಯಾಧಿಕಾರಿಗಳ ಒಪ್ಪಿಗೆ ಮೊದಲು. ರೋಗಿಯ ಹೆಸರು, ಮನೆ ಯಾವುದನ್ನೂ ಬರೆದುಕೊಳ್ಳಬೇಡ.

ಕಾಡಿನ ಅಂಚಿಗೆ ಫೋಟೋ ತೆಗೆಯಲು ಹೋದರೆ ಪೂರ್ತಿ ತೋಳಿನ ಅಂಗಿ ಹಾಕಿಕೊಂಡು ಹೋಗು, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡು, ಬಟ್ಟೆ ಒಗೆ.

ಸೊರಬದ ಹುಡುಗಿ:

ಮೇಡಂ, ಅಕ್ಕ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಂಟು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಶಿಮೋಗ, ಮೈಸೂರು ಅಂತ ಹಾಕಿ ಹುಡುಕಿದೆ. ನಿಜವಾಗಿಯೂ ಬೇರೆಯದೇ ಲೇಖನಗಳು ಬಂದವು. ಬೊಶೆಲ್ ಅವರದ್ದು ಸಾರಾಂಶ ಮಾತ್ರ ಸಿಕ್ಕಿತು, ಅದನ್ನೇ ಡಿಕ್ಷನರಿ ಇಟ್ಟುಕೊಂಡು ಎರಡು ರಾತ್ರಿ ಓದಿದೆ.

ಅಜ್ಜಿಯ ಹತ್ತಿರ ಮೂರು ಸಲ ಕೂತೆ. ಎರಡನೇ ಸಲ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಮಂಗ ಉದುರಿದ ವರ್ಷ ನಿನ್ನ ದೊಡ್ಡಪ್ಪ ಹೊಟ್ಟೆಯಲ್ಲಿದ್ದ. ನನ್ನ ಕಾಡಿಗೆ ಕಳಿಸಲಿಲ್ಲ. ಅತ್ತೆ ಹೋದ್ರು. ಅವರಿಗೂ ಹೆದ್ರಿಕೆ ಆಗಿ ಬಿಟ್ರು. ಆಮೇಲೆ ಕೊಟ್ಟಿಗೆಗೆ ಹುಲ್ಲೇ ಹಾಸಿದ್ವಿ. ಮಳೆಗಾಲದಲ್ಲಿ ದನಕ್ಕೆ ಹುಲ್ಲು ಸಾಲಲಿಲ್ಲ, ಎರಡು ಎಮ್ಮೆ ಕೊಟ್ಟುಬಿಟ್ರು." ಇಷ್ಟು ವರ್ಷ ಕೇಳಿದ್ದೇನೆ, ಎಮ್ಮೆ ಮಾರಿದ ಮಾತು ಒಂದು ದಿನವೂ ಹೇಳಿರಲಿಲ್ಲ. ನಾನು ಕೊಟ್ಟಿಗೆಯ ಬಗ್ಗೆ ಕೇಳಿಯೇ ಇರಲಿಲ್ಲ.

ಈಗ ಒಂದು ತೊಂದರೆ. ದೊಡ್ಡಪ್ಪನ ಶಾಲೆಯ ಸರ್ಟಿಫಿಕೇಟಿನಲ್ಲಿ ಹುಟ್ಟಿದ ದಿನ 1-6-1956 ಅಂತ ಇದೆ. ಕಾಯಿಲೆ ಪತ್ತೆಯಾಗಿದ್ದು 1957. ಅಜ್ಜಿಯ ಮಾತು ತಪ್ಪಾ? ಅದನ್ನು ಬಿಡಬೇಕಾ?

ಲೈಬ್ರರಿ ಮೇಡಂ:

ಬಿಡಬೇಡ. ಓದಿ ನನಗೆ ಕಣ್ಣು ತುಂಬಿತು. ಆ ಎರಡು ಎಮ್ಮೆ ಯಾವ ವರದಿಯಲ್ಲೂ ನಿನಗೆ ಸಿಗುತ್ತಿರಲಿಲ್ಲ.

ಜೂನ್ ಒಂದು ಅನ್ನುವುದನ್ನು ನೋಡು. ಆ ಕಾಲದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಎಷ್ಟೋ ಸಲ ಮೇಷ್ಟರೇ ಒಂದು ತಾರೀಕು ಹಾಕುತ್ತಿದ್ದರು. ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ಸರಿಹೋದರೆ ಸಾಕಿತ್ತು. ನಮ್ಮ ಮನೆಯಲ್ಲೂ ಮೂವರು ಜೂನ್ ಒಂದರಂದೇ ಹುಟ್ಟಿದವರು ಇದ್ದಾರೆ. ಆ ಸರ್ಟಿಫಿಕೇಟ್ ಬರೆದ ಅಗತ್ಯ ಶಾಲೆಗೆ ಸೇರಿಸುವುದು, ಹುಟ್ಟಿದ ದಿನ ತಿಳಿಯುವುದಲ್ಲ. ಹಾಗಂತ ಅಜ್ಜಿಯೇ ಸರಿ ಅಂತಲೂ ತೀರ್ಮಾನ ಮಾಡಬೇಡ. ಎರಡು ಬೇರೆ ವರ್ಷದ ಹೆದರಿಕೆ ನೆನಪಿನಲ್ಲಿ ಒಂದಾಗಿರಬಹುದು. ಅಜ್ಜಿ ಹೀಗೆ ಹೇಳಿದರು, ದಾಖಲೆ ಹೀಗೆ ಹೇಳುತ್ತದೆ, ಒಂದು ವರ್ಷದ ವ್ಯತ್ಯಾಸ ಇದೆ ಅಂತ ಎರಡನ್ನೂ ಬರಿ. ಊರಿನಲ್ಲಿ ಅದೇ ವಯಸ್ಸಿನ ಇನ್ನಿಬ್ಬರನ್ನು ಬೇರೆ ಬೇರೆಯಾಗಿ ಕೇಳು, ಅಜ್ಜಿ ಹೇಳಿದ್ದನ್ನು ಅವರಿಗೆ ಮೊದಲೇ ಹೇಳಬೇಡ. ಹುಲ್ಲು ಹಾಸಿದ ಮಾತು ಅವರ ಬಾಯಲ್ಲೂ ಬರುತ್ತದಾ ನೋಡು.

ಪೂರ್ತಿ ಲೇಖನಕ್ಕೆ ಶಂಕರಘಟ್ಟಕ್ಕೆ ಹೋಗು. ಹೋಗುವ ಮೊದಲು ಅಜ್ಜಿಯ ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳು.

ಸೊರಬದ ಹುಡುಗಿ:

ಕೇಳಿದೆ ಮೇಡಂ. ಹಾಕು ಅಂದರು. ತವರೂರಿನ ಹೆಸರೂ ಸೇರಿಸಬೇಕಂತೆ. ಪಕ್ಕದ ಕೇರಿಯ ಇಬ್ಬರು ಅಜ್ಜಿಯರ ಹತ್ತಿರ ಈ ಭಾನುವಾರ ರಾತ್ರಿ ಅಡಿಕೆ ಸುಲಿಯಲು ಹೋಗುತ್ತೇನೆ. ಪ್ರಿನ್ಸಿಪಾಲರ ಸಹಿ ಇರುವ ಪತ್ರ ಇವತ್ತು ಸಿಕ್ಕಿತು, ಬುಧವಾರ ಶಂಕರಘಟ್ಟ.